ಮರುಬಳಕೆಯ ಇನ್ಸುಲಿನ್ ಪೆನ್: ಪೆನ್ ಗಟ್ಟಿ, ತಕರಾರೆಲ್ಲ ಸೂಜಿಯದ್ದು

ಬಳಸಿ ಬಿಸಾಡುವ ಪೆನ್ ಅಲ್ಲ, ಕಾರ್ಟ್ರಿಜ್ (ಇನ್ಸುಲಿನ್ ತುಂಬಿದ ಗಾಜಿನ ಕೊಳವೆ) ಬದಲಿಸಿಕೊಂಡು ವರ್ಷಗಟ್ಟಲೆ ಓಡಿಸುವ ಲೋಹದ ಪೆನ್ ಬಗ್ಗೆ ಇದು. ಒಳಗೆ 30/70 ಮಿಕ್ಸ್ ಇನ್ಸುಲಿನ್ (30 ಪಾಲು ಬೇಗ ಕೆಲಸ ಮಾಡುವ ತಿಳಿ, 70 ಪಾಲು ನಿಧಾನದ ಬಿಳಿ), ಮುಂದೆ 4 ಮಿ.ಮೀ. ಸೂಜಿ. ಪೆನ್ನೇ ಕೆಡುವುದು ಅಪರೂಪ. ‘ಸೋರುತ್ತೆ’, ‘ಗುಳ್ಳೆ ತುಂಬುತ್ತೆ’, ‘ಡೋಸ್ ಪೂರ್ತಿ ಹೋಗ್ತಿಲ್ಲ’ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಒಂದೇ ಅಭ್ಯಾಸ: ಚುಚ್ಚಿಕೊಂಡ ಮೇಲೆ ಸೂಜಿ ಬಿಚ್ಚದೆ ಹಾಗೇ ಮುಚ್ಚಳ ಹಾಕಿಡುವುದು.

ಸೂಜಿ ಇದ್ದರೆ ಕಾರ್ಟ್ರಿಜ್‌ಗೆ ಬಾಗಿಲು ತೆರೆದಂತೆಯೇ. ಬಿಸಿಗೆ ಇನ್ಸುಲಿನ್ ಹಿಗ್ಗಿ ಹೊರಗೆ ತೊಟ್ಟಿಕ್ಕುತ್ತದೆ, ತಂಪಿಗೆ ಕುಗ್ಗಿದಾಗ ಗಾಳಿ ಒಳಗೆ ಸೇರುತ್ತದೆ. ಗುಂಡಿ ಒತ್ತಿದಾಗ ಮೊದಲು ಅದುಮಿಕೊಳ್ಳುವುದು ಆ ಗಾಳಿ. ಹಾಗಾಗಿ ಇನ್ಸುಲಿನ್ ತಡವಾಗಿ ಹೊರಬರುತ್ತದೆ, ಮೈಯಿಂದ ಸೂಜಿ ತೆಗೆದ ಮೇಲೂ ಹನಿ ಬೀಳುತ್ತಿದ್ದರೆ ಅಷ್ಟು ಡೋಸ್ ಖೋತಾ. ಮಿಕ್ಸ್ ಇನ್ಸುಲಿನ್‌ನಲ್ಲಿ ಇನ್ನೂ ಒಂದು ಕೇಡಿದೆ. ತಳದಲ್ಲಿ ಕೂತ ಬಿಳಿ ಭಾಗ ಒಳಗೇ ಉಳಿದು ಮೇಲಿನ ತಿಳಿ ಮಾತ್ರ ಸೋರಿದರೆ, ಉಳಿದದ್ದು 30/70 ಆಗಿರುವುದಿಲ್ಲ.

ಸರಿಯಾದ ಕ್ರಮಕ್ಕೆ ಎರಡು ನಿಮಿಷ ಸಾಕು. ಪೆನ್ನನ್ನು ಅಂಗೈಗಳ ನಡುವೆ 10 ಸಲ ಹೊರಳಿಸಿ, ಆಮೇಲೆ 10 ಸಲ ಮೇಲೆ ಕೆಳಗೆ ತಿರುಗಿಸಿ. ಒಳಗಿನ ಗಾಜಿನ ಗುಂಡು ಈ ತುದಿಯಿಂದ ಆ ತುದಿಗೆ ಜಾರಬೇಕು, ದ್ರವ ಹಾಲಿನಂತೆ ಒಂದೇ ಸಮ ಕಾಣಬೇಕು. ತಳದಲ್ಲಿ ಗರಣೆ ಉಳಿದರೆ ಮತ್ತೆ ತಿರುಗಿಸಿ. ಕುಲುಕಬೇಡಿ, ನೊರೆ ಬರುತ್ತದೆ. ಹೊಸ ಸೂಜಿ ಹಾಕಿ, ತುದಿ ಮೇಲೆ ಮಾಡಿ 2 ಯೂನಿಟ್ ಹಾರಿಸಿ. ಹನಿ ಕಾಣುವ ತನಕ ಇದನ್ನು ಬಿಡುವಂತಿಲ್ಲ. ನಾಲ್ಕೈದು ಸಲಕ್ಕೂ ಬರದಿದ್ದರೆ ಸೂಜಿ ಬದಲಿಸಿ. ನಂತರ ಡೋಸ್ ಇಟ್ಟು ನೇರವಾಗಿ ಚುಚ್ಚಿ, ಅಂಕಿ 0ಗೆ ಬಂದ ಮೇಲೂ ಗುಂಡಿ ಒತ್ತಿಹಿಡಿದೇ ಹತ್ತು ಎಣಿಸಿ. ಔಷಧ ಇದ್ದೂ ಅಂಕಿ ನಡುವೆ, ಉದಾಹರಣೆಗೆ 6ರಲ್ಲಿ, ನಿಂತರೆ ಸೂಜಿ ಕಟ್ಟಿದೆ, ಆ 6 ಯೂನಿಟ್ ಒಳಗೆ ಹೋಗಿಲ್ಲ ಎಂದರ್ಥ.

ಹೊಟ್ಟೆಯ ಮೇಲೆ ಹೊಕ್ಕುಳಿನ ಸುತ್ತ ಎರಡು ಬೆರಳು ಬಿಟ್ಟು, ಪ್ರತಿ ಸಲ ಒಂದು ಬೆರಳಷ್ಟು ಸರಿಯುತ್ತ ಹೋಗಿ. ಒಂದೇ ಕಡೆ ಚುಚ್ಚಿ ಚುಚ್ಚಿ ಗಂಟು ಕಟ್ಟಿದರೆ ಅಲ್ಲಿ ನೋವು ಕಡಿಮೆ, ಆದ್ದರಿಂದಲೇ ಜನ ಅಲ್ಲೇ ಚುಚ್ಚುತ್ತಾರೆ! ಆದರೆ ಗಂಟಿನಿಂದ ಇನ್ಸುಲಿನ್ ಒಂದು ದಿನ ಇದ್ದಂತೆ ಇನ್ನೊಂದು ದಿನ ರಕ್ತಕ್ಕೆ ಸೇರುವುದಿಲ್ಲ. ಗಂಟು ಬಿಟ್ಟು ಹೊಸ ಜಾಗಕ್ಕೆ ಹೋಗುವ ಮೊದಲು ಡಾಕ್ಟರನ್ನು ಕೇಳಿ. ಅದೇ ಡೋಸ್‌ಗೆ ಶುಗರ್ ದಿಢೀರ್ ಇಳಿಯಬಹುದು.

ಖರ್ಚಿನ ಲೆಕ್ಕದಲ್ಲಿ ಪ್ರತಿ ಸಲ ಹಾರಿಸುವ 2 ಯೂನಿಟ್ ಮರೆಯಬೇಡಿ. 3 ಮಿ.ಲೀ. ಕಾರ್ಟ್ರಿಜ್‌ನಲ್ಲಿ 300 ಯೂನಿಟ್. ಬೆಳಗ್ಗೆ 16, ರಾತ್ರಿ 10 ಇದ್ದವರಿಗೆ ಹನ್ನೊಂದೂವರೆ ದಿನ ಬರುವುದಿಲ್ಲ, ಹತ್ತಕ್ಕೇ ಮುಗಿಯುತ್ತದೆ. ಒಳಗೆ 12 ಯೂನಿಟ್‌ಗಿಂತ ಕಡಿಮೆ ಉಳಿದರೆ ಗುಂಡು ಓಡಾಡಲು ಜಾಗ ಸಾಲದೆ ಸರಿಯಾಗಿ ಬೆರೆಯುವುದಿಲ್ಲ, ಹೊಸದು ಹಾಕಿ.

ಪೆನ್ ಕೈಕೊಟ್ಟ ದಿನ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆದುಕೊಳ್ಳುವುದು ಪ್ರಾಣಕ್ಕೇ ಅಪಾಯ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕೆಂಪು ಮುಚ್ಚಳದ ಸಿರಿಂಜ್ 40 ಐ.ಯು. (ಒಂದು ಮಿ.ಲೀ.ಗೆ 40 ಯೂನಿಟ್) ಬಾಟಲಿಗೆ ಮಾಡಿದ್ದು, ಕಾರ್ಟ್ರಿಜ್ 100 ಐ.ಯು. ಆ ಸಿರಿಂಜ್‌ನಲ್ಲಿ 10ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್.

ಬಳಕೆಯಲ್ಲಿರುವ ಪೆನ್ ಫ್ರಿಜ್‌ಗೆ ಬೇಡ, ಉಳಿದ ಕಾರ್ಟ್ರಿಜ್‌ಗಳು ಮಾತ್ರ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರ್‌ನಿಂದ ದೂರ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಪೆನ್ನಿಗೆ ಮಣ್ಣಿನ ಮಡಿಕೆಯೇ ಗತಿ: ದೊಡ್ಡದರಲ್ಲಿ ಒದ್ದೆ ಮರಳು, ಒಳಗೆ ಚಿಕ್ಕ ಮಡಿಕೆ, ಪೆನ್ ಒಣಗಿದ ಡಬ್ಬಿಯಲ್ಲಿ. ಬೈಕಿನ ಡಿಕ್ಕಿಯಲ್ಲಂತೂ ಇಡಲೇಬೇಡಿ.

ಕೊರತೆಗಳೂ ಇವೆ. ಸಾದಾ ಪೆನ್ನಿಗೆ ನೆನಪಿಲ್ಲ. ಚುಚ್ಚಿಕೊಂಡೆನೋ ಇಲ್ಲವೋ ಎಂಬ ಅನುಮಾನ ಬಂದರೆ ಮತ್ತೆ ಚುಚ್ಚದೆ ಮೊದಲು ಶುಗರ್ ನೋಡಿ. ಕಣ್ಣು ಮಂಜಾದವರು ಟಿಕ್ ಟಿಕ್ ಸದ್ದು ಎಣಿಸಿ ಡೋಸ್ ಇಡಬಾರದು, ಅಂಕಿ ಓದುವವರು ಪಕ್ಕದಲ್ಲಿರಬೇಕು. ಒಂದು ಕಂಪನಿಯ ಕಾರ್ಟ್ರಿಜ್ ಇನ್ನೊಂದರ ಪೆನ್ನಿಗೆ ಹಾಕುವಂತಿಲ್ಲ. ಹಾಗಾಗಿ ಪೆನ್ ಆರಿಸುವ ಮೊದಲು, ನಿಮ್ಮೂರಿನ ಮೆಡಿಕಲ್ ಶಾಪ್‌ನಲ್ಲಿ ಯಾವ ಕಾರ್ಟ್ರಿಜ್ ತಿಂಗಳೂ ತಪ್ಪದೆ ಸಿಗುತ್ತದೆ ಎಂದು ವಿಚಾರಿಸಿ, ಡಾಕ್ಟರಿಗೂ ಅದನ್ನೇ ತಿಳಿಸಿ.