ರೆಡಿಮೇಡ್ ಬ್ಲಾಗ್ ಕೊಳ್ಳುವ ಮುಂಚೆ ಡೊಮೈನ್ ಯಾರ ಹೆಸರಲ್ಲಿದೆ ಅಂತ ನೋಡಿ

ಬ್ಲಾಗ್ ಮಾಡಿ ನಾಲ್ಕು ಕಾಸು ಸಂಪಾದಿಸೋಣ ಅಂತ ಈಗಷ್ಟೇ ಹೊರಟಿರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಯಾರಾದರೂ ನಿಮಗೆ "ಎಲ್ಲ ನಾವೇ ಮಾಡಿಕೊಡ್ತೀವಿ, ನೀವು ಲಾಗಿನ್ ಆದ್ರೆ ಸಾಕು" ಎಂದಿದ್ದರೆ, ದುಡ್ಡು ಕೊಡುವ ಮುಂಚೆಯೇ ಓದಿ. ಡೊಮೈನ್ (ಬ್ಲಾಗಿನ ವಿಳಾಸದ ಹೆಸರು), ಹೋಸ್ಟಿಂಗ್ (ಬ್ಲಾಗ್ ಇರುವ ಸರ್ವರ್ ಜಾಗ), ಥೀಮ್ (ಪುಟದ ವಿನ್ಯಾಸ), ಒಂದಷ್ಟು ಲೇಖನ, ಆ್ಯಡ್‌ಸೆನ್ಸ್ (ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ದುಡ್ಡು ಕೊಡುವ ಗೂಗಲ್ ಸೇವೆ) ಅನುಮತಿ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಕೊಡುವವರಿಂದ ನಾನು ಬ್ಲಾಗ್ ಮಾಡಿಸಿಕೊಂಡೆ. ಈಗ ಆ ಬ್ಲಾಗ್ ನನ್ನ ಕೈಯಲ್ಲಿಲ್ಲ. ನಾನೇ ಕೂತು ಬರೆದ ಲೇಖನಗಳಲ್ಲಿ ಎಷ್ಟೋ ಅದರ ಜೊತೆಗೇ ಹೋದವು.

ಇಂಥವರು ಮೊದಲು ತೋರಿಸುವುದು ಗಳಿಕೆಯ ಸ್ಕ್ರೀನ್‌ಶಾಟ್. ನನಗೂ ತೋರಿಸಿದರು. ಆ್ಯಡ್‌ಸೆನ್ಸ್ ಪುಟ, ಅದರಲ್ಲಿ ಡಾಲರಿನ ದೊಡ್ಡ ಮೊತ್ತ. ದಯವಿಟ್ಟು ಅದನ್ನು ನಂಬಬೇಡಿ. ಕಂಪ್ಯೂಟರಿನಲ್ಲಿ ಯಾವುದೇ ಪುಟದ ಮೇಲೆ ಮೌಸಿನ ಬಲಗಡೆ ಬಟನ್ ಒತ್ತಿ ಇನ್‌ಸ್ಪೆಕ್ಟ್ ಆರಿಸಿದರೆ, ಅಲ್ಲಿರುವ ಅಂಕಿಯನ್ನು ಬೇಕಾದ ಹಾಗೆ ತಿದ್ದಬಹುದು. ಪುಟ ರೀಲೋಡ್ ಮಾಡುವವರೆಗೂ ತಿದ್ದಿದ ಅಂಕಿಯೇ ಕಾಣುತ್ತದೆ. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಮುಗೀತು. ಇದಕ್ಕೆ ಕೋಡಿಂಗ್ ಗೊತ್ತಿರಬೇಕಿಲ್ಲ, ನೀವೇ ಒಮ್ಮೆ ಮಾಡಿ ನೋಡಿ. ಅಂಕಿ ನಿಜವೇ ಆಗಿದ್ದರೂ ಅದು ಯಾವ ಬ್ಲಾಗಿನದು, ಅದರ ಹಿಂದೆ ಎಷ್ಟು ವರ್ಷದ ಕೆಲಸ ಇದೆ ಅನ್ನುವುದು ಆ ಚಿತ್ರದಲ್ಲಿ ಇರುವುದಿಲ್ಲ. ಮುಚ್ಚಿಡುವುದು ಏನೂ ಇಲ್ಲದವರು ವಿಡಿಯೊ ಕಾಲ್‌ನಲ್ಲಿ ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಿಂದ ಬಂದವರ ಲೆಕ್ಕ ತೋರಿಸುವ ಗೂಗಲ್‌ನ ಪುಟ) ತೆರೆದು, ನಮ್ಮ ಎದುರೇ ರೀಲೋಡ್ ಮಾಡಿ, ಯಾವ ಹುಡುಕಾಟದಿಂದ ಎಷ್ಟು ಜನ ಬಂದರು ಅಂತ ತೋರಿಸಬಹುದು. ನಾನು ಕೇಳಿದಾಗ "ಅದು ಕ್ಲೈಂಟ್ ಡೇಟಾ, ತೋರ್ಸಕ್ಕಾಗಲ್ಲ" ಎಂದರು.

ಅವರು ಕೊಟ್ಟ ಲೇಖನಗಳು ಓದಲು ನೀಟಾಗಿಯೇ ಇದ್ದವು. ಆದರೆ ಯಾರೋ ಒಬ್ಬರು ಆ ಕೆಲಸವನ್ನು ಮಾಡಿ ನೋಡಿ ಬರೆದಿದ್ದಾರೆ ಅನ್ನಿಸುವ ಒಂದು ಸಾಲೂ ಇರಲಿಲ್ಲ. ಅನುಮಾನ ಬಂದು ಒಂದು ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿದೆ. ಅದೇ ವಾಕ್ಯ ಬೇರೆ ಬೇರೆ ಬ್ಲಾಗುಗಳಲ್ಲಿ ಸಿಕ್ಕಿತು. ಅವುಗಳ ಥೀಮ್ ಕೂಡ ಇದೇ. ಒಂದೇ ಸರಕನ್ನು ಹೆಸರು ಬದಲಿಸಿ ಎಲ್ಲರಿಗೂ ಮಾರಿದ್ದರು.

ಡೊಮೈನ್ ಹೊಚ್ಚ ಹೊಸದು ಎಂದಿದ್ದರು. ಅದೂ ಸುಳ್ಳು. ವೆಬ್ ಪುಟಗಳ ಹಳೇ ಪ್ರತಿಗಳನ್ನು ಕೂಡಿಡುವ ವೇಬ್ಯಾಕ್ ಮಷೀನ್ ತಾಣದಲ್ಲಿ ವಿಳಾಸ ಹಾಕಿದಾಗ, ಹಿಂದೆ ಅದೇ ಹೆಸರಿನಲ್ಲಿ ಇದ್ದ ಪುಟಗಳು ಬಂದವು. ಯಾವುದೋ ಮಾತ್ರೆ ಮಾರುವ ಜಾಹೀರಾತುಗಳು, ಪುಟದ ಮೇಲಿಂದ ಕೆಳಗಿನವರೆಗೂ. 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳನ್ನು ಬಿಗಿ ಮಾಡಿದ್ದು ನಿಮಗೆ ಗೊತ್ತಿರಬಹುದು. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಸತ್ವವಿಲ್ಲದ ಲೇಖನ ಹಾಕುವುದು ಆ ನಿಯಮಗಳಿಗೆ ವಿರುದ್ಧ. ಅವಧಿ ಮುಗಿದ ಹಳೇ ಡೊಮೈನ್ ಕೊಂಡು, ಅದಕ್ಕೆ ಮೊದಲಿದ್ದ ಹೆಸರಿನ ಬಲದಲ್ಲಿ ಇಂಥ ಲೇಖನ ತುಂಬುವುದೂ ವಿರುದ್ಧ. ಹೊಸಬರ ಕೈಗೆ ಈ ಎರಡನ್ನೂ ಒಟ್ಟಿಗೆ ಕಟ್ಟಿ ಕೊಡುತ್ತಾರೆ ಅಂದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ?

ಆ ಲೇಖನಗಳನ್ನು ತೆಗೆದು ಒಂದೊಂದಾಗಿ ನನ್ನವೇ ಹಾಕುತ್ತಾ ಬಂದೆ. ನಿಧಾನವಾಗಿ ಓದುಗರು ಬರತೊಡಗಿದರು. ಜಾಹೀರಾತುಗಳೂ ಕಾಣುತ್ತಿದ್ದವು. ಆದರೆ ನನ್ನ ಆ್ಯಡ್‌ಸೆನ್ಸ್ ಖಾತೆಯಲ್ಲಿ ಮಾತ್ರ ಸೊನ್ನೆ. ಕೇಳಿದರೆ "ಹೊಸ ಖಾತೆ ಅಲ್ವಾ, ಅಪ್‌ಡೇಟ್ ಆಗೋಕೆ ಟೈಮ್ ಬೇಕು" ಅನ್ನುವ ಉತ್ತರ. ಇಲ್ಲಿ ಸ್ವಲ್ಪ ಗಮನ ಕೊಡಿ, ಇದನ್ನು ಪತ್ತೆ ಮಾಡುವುದು ತುಂಬಾ ಸುಲಭ. ನಿಮ್ಮ ಬ್ಲಾಗಿನ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ, ಆ್ಯಡ್ಸ್ ಡಾಟ್ ಟಿಎಕ್ಸ್‌ಟಿ (ads.txt) ಅಂತ ಟೈಪ್ ಮಾಡಿ. ಆ ಫೈಲ್ ಹಾಕಿದ್ದರೆ ಒಂದೆರಡು ಸಾಲಿನ ಬೋಳು ಪುಟ ತೆರೆಯುತ್ತದೆ. ಅದರಲ್ಲಿ ಗೂಗಲ್ ಹೆಸರಿನ ಪಕ್ಕ ಪಬ್ ಅಂತ ಶುರುವಾಗುವ 16 ಅಂಕಿಯ ಸಂಖ್ಯೆ ಇರುತ್ತದೆ. ನಿಮ್ಮ ಆ್ಯಡ್‌ಸೆನ್ಸ್ ಖಾತೆಯಲ್ಲಿ ಇರುವ ಪಬ್ಲಿಷರ್ ಐಡಿಯೂ ಅದೇ ಆಗಿರಬೇಕು. ನನ್ನ ಬ್ಲಾಗಿನಲ್ಲಿ ಇದ್ದದ್ದು ಬೇರೆ ಯಾರದೋ ಸಂಖ್ಯೆ. ಥೀಮ್ ಒಳಗಿನ ಜಾಹೀರಾತು ಕೋಡಿನಲ್ಲೂ ಅದೇ. ಓದುಗರು ನನ್ನ ಬರಹಕ್ಕೆ ಬರುತ್ತಿದ್ದರು, ದುಡ್ಡು ಆ ಸಂಖ್ಯೆಯವರ ಖಾತೆಗೆ ಹೋಗುತ್ತಿತ್ತು. ಇದನ್ನು ಮರೆವು ಅಂತ ಒಪ್ಪಲು ನಾನು ತಯಾರಿಲ್ಲ.

"ಅಪ್ರೂವ್ ಆಗಿರೋ ಆ್ಯಡ್‌ಸೆನ್ಸ್ ಖಾತೆ ಕೊಡ್ತೀವಿ" ಅನ್ನುವವರ ಹತ್ತಿರವೂ ಹೋಗಬೇಡಿ. ಒಬ್ಬರ ಖಾತೆಯನ್ನು ಇನ್ನೊಬ್ಬರಿಗೆ ಮಾರಲು ಗೂಗಲ್ ಬಿಡುವುದಿಲ್ಲ. ಅರ್ಜಿ ಹಾಕಲು ದುಡ್ಡೂ ಬೇಕಿಲ್ಲ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಪಿನ್ ಬರುತ್ತದೆ, 100 ಡಾಲರ್ ಆದ ಮೇಲೆ ಹಣ ಕೈಗೆ ಬರುತ್ತದೆ. ಹೊಸ ಬ್ಲಾಗಿಗೆ ಆ 100 ಮುಟ್ಟಲು ಬಹಳ ಕಾಲ ಬೇಕಾಗಬಹುದು. ಮೊದಲ ತಿಂಗಳಿಂದಲೇ ಸಂಬಳದ ಹಾಗೆ ಬರುತ್ತೆ ಅನ್ನುವವರು ಏನನ್ನೋ ಮಾರಲು ಬಂದಿದ್ದಾರೆ ಅಂತಲೇ ತಿಳಿಯಿರಿ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಡೊಮೈನ್ ವಿಷಯದಲ್ಲಿ. ವರ್ಷ ತುಂಬುವ ಹೊತ್ತಿಗೆ ನವೀಕರಣಕ್ಕೆ ಅಂತ, ಡೊಮೈನ್ ಮಾರುವ ಕಂಪನಿಗಳ ದರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೇಳಿದರು. ಬೇರೆ ಕಡೆ ವರ್ಗಾಯಿಸಿಕೊಳ್ಳುತ್ತೇನೆ, ಆಥ್ ಕೋಡ್ ಕೊಡಿ ಎಂದೆ. ಡೊಮೈನನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಲು ಆ ಕೋಡ್ ಬೇಕೇ ಬೇಕು. ಅವತ್ತಿನಿಂದ ಫೋನ್ ಎತ್ತುವುದನ್ನೇ ಬಿಟ್ಟರು. ನೋಂದಣಿ ಮಾಡಿದ ಕಂಪನಿಗೇ ಬರೆದೆ. ಖಾತೆ ನಿಮ್ಮದಲ್ಲ, ನೋಂದಣಿಯಲ್ಲಿರುವ ಹೆಸರೂ ನಿಮ್ಮದಲ್ಲ, ನಾವು ಏನೂ ಮಾಡಲಾಗದು ಅಂತ ಉತ್ತರ ಬಂತು. ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮದಲ್ಲಿ, ಕೇಳಿದ 5 ದಿನದೊಳಗೆ ಆ ಕೋಡ್ ಕೊಡಬೇಕು ಅಂತಿದೆ. ಆದರೆ ಆ ಹಕ್ಕು ನೋಂದಣಿಯಲ್ಲಿ ಹೆಸರಿರುವವರಿಗೆ. ದುಡ್ಡು ಕೊಟ್ಟದ್ದು ನಾನು, ಬರೆದದ್ದು ನಾನು, ನೋಂದಣಿಯಲ್ಲಿ ಮಾತ್ರ ಅವರು. ಬಾಡಿಗೆ ಮನೆಗೆ ಕೈಯಿಂದ ದುಡ್ಡು ಹಾಕಿ ಬಣ್ಣ ಹೊಡೆಸಿದ ಹಾಗಾಯಿತು. ಈಗ ಆ ವಿಳಾಸ ತೆರೆದರೆ ಬೆಟ್ಟಿಂಗ್ ಆಟದ ಪುಟ ಬರುತ್ತದೆ.

ಆದ್ದರಿಂದ ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ. ಡೊಮೈನ್ ಕೊಳ್ಳುವ ಖಾತೆಯನ್ನು ನೀವೇ ತೆರೆಯಿರಿ. ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್, ನಿಮ್ಮ ಹೆಸರು. ಬಿಲ್ ನೇರವಾಗಿ ನಿಮಗೇ ಬರಲಿ. ಐಕ್ಯಾನ್‌ನ ಲುಕಪ್ ಪುಟದಲ್ಲಿ ಡೊಮೈನ್ ಹೆಸರು ಹಾಕಿದರೆ ಯಾವ ಕಂಪನಿಯಲ್ಲಿ, ಯಾವಾಗ ನೋಂದಣಿಯಾಗಿದೆ, ಯಾವಾಗ ಮುಗಿಯುತ್ತದೆ ಅಂತ ಉಚಿತವಾಗಿ ತಿಳಿಯುತ್ತದೆ. ಆದರೆ ಮಾಲೀಕರ ಹೆಸರನ್ನು ಈಗ ಹೆಚ್ಚಿನ ಕಡೆ ಮರೆಮಾಡಿರುತ್ತಾರೆ. ಹಾಗಾಗಿ ಕಂಪನಿಯ ಖಾತೆಗೆ ನೀವೇ ಲಾಗಿನ್ ಆಗಿ ನೋಡುವವರೆಗೂ ಡೊಮೈನ್ ನಿಮ್ಮದು ಅಂತ ಅಂದುಕೊಳ್ಳಬೇಡಿ. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಪಾಸ್‌ವರ್ಡ್ ಕೊಟ್ಟರು ಅಂದ ಮಾತ್ರಕ್ಕೆ ಡೊಮೈನ್ ಕೊಟ್ಟ ಹಾಗಾಗುವುದಿಲ್ಲ. ನನಗೂ ಬರೀ ಅದನ್ನಷ್ಟೇ ಕೊಟ್ಟಿದ್ದರು.

ಬರೆಯುವ ಅಭ್ಯಾಸಕ್ಕೆ ಗೂಗಲ್‌ನ ಬ್ಲಾಗರ್ ತಾಣ ಇದೆ, ಉಚಿತ, 1999ರಿಂದ ನಡೆದುಕೊಂಡು ಬಂದಿದೆ. ವರ್ಡ್‌ಪ್ರೆಸ್ ತಂತ್ರಾಂಶವೂ ಉಚಿತವೇ. ಹೆಚ್ಚಿನ ಹೋಸ್ಟಿಂಗ್ ಕಂಪನಿಗಳು ಒಂದೆರಡು ಬಟನ್ ಒತ್ತಿದರೆ ಅದನ್ನು ಹಾಕಿಕೊಡುತ್ತವೆ. ಹೊಸಬರನ್ನು ಸುಮ್ನೆ ಹೆದರಿಸುತ್ತಾರೆ, ಇದರಲ್ಲಿ ಹೊರಗಿನವರಿಗೆ ಕೊಡಬೇಕಾದ ಕೆಲಸ ತುಂಬಾ ಕಡಿಮೆ.

ಈಗಾಗಲೇ ಇಂಥವರ ಕೈಗೆ ಸಿಕ್ಕಿದ್ದರೆ, ಜಗಳಕ್ಕೆ ಹೋಗುವ ಮುಂಚೆ ನಿಮ್ಮ ಬರಹವನ್ನು ಉಳಿಸಿಕೊಳ್ಳಿ. ಜಗಳ ಶುರುವಾದ ಮೇಲೆ ಪಾಸ್‌ವರ್ಡ್ ಬದಲಾಗಿಬಿಡುತ್ತದೆ, ನನ್ನದು ಬದಲಾಯಿತು. ವರ್ಡ್‌ಪ್ರೆಸ್‌ನಲ್ಲಿ ಟೂಲ್ಸ್ ಒಳಗೆ ಎಕ್ಸ್‌ಪೋರ್ಟ್ ಅಂತಿದೆ. ಅದನ್ನು ಒತ್ತಿದರೆ ಎಲ್ಲ ಲೇಖನಗಳೂ ಒಂದೇ ಫೈಲಿನಲ್ಲಿ ಇಳಿಯುತ್ತವೆ. ಚಿತ್ರಗಳು ಅದರೊಳಗೆ ಇರುವುದಿಲ್ಲ, ಅವನ್ನು ಬೇರೆಯಾಗಿ ಇಳಿಸಿಕೊಳ್ಳಬೇಕು. ಕೊಟ್ಟ ಹಣದ ರಸೀದಿ, ಚಾಟ್, ಅವರು ಆಡಿದ ಮಾತು ಎಲ್ಲವನ್ನೂ ತಾರೀಖಿನ ಸಮೇತ ಇಟ್ಟುಕೊಳ್ಳಿ. ಆಮೇಲೆ ಆಥ್ ಕೋಡ್ ಕೇಳಿ, ಬರವಣಿಗೆಯಲ್ಲೇ ಕೇಳಿ.