ದಂಡ: ಒಂದೇ ಸಲ, ಕಂತು ಅಥವಾ ಸಮುದಾಯ ಸೇವೆ?

ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ದಿನಗೂಲಿ ಮಾಡುವ ನಿಮ್ಮ ತಮ್ಮನಿಗೆ ಸಣ್ಣ ಕ್ರಿಮಿನಲ್ ಪ್ರಕರಣದಲ್ಲಿ ಯಾವುದು ಅನುಕೂಲವೆಂದು ಕೇಳಿದ್ದೀರಿ. ಹಣವಿದ್ದರೆ ಒಂದೇ ಸಲ ಕಟ್ಟಿದಲ್ಲಿ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ. ಸಾಲ ತಂದು ಕಟ್ಟುವುದಾದರೆ ಮಾತ್ರ ಬಡ್ಡಿಯೇ ಇನ್ನೊಂದು ದಂಡವಾದೀತು.

ಬರೀ ದಂಡದ ಶಿಕ್ಷೆಯಾಗಿದ್ದರೆ, ನ್ಯಾಯಾಲಯವು ಎರಡು ಅಥವಾ ಮೂರು ಕಂತುಗಳಿಗೆ ಅನುಮತಿಸಬಹುದು. ಮೊದಲ ಕಂತು 30 ದಿನಗಳೊಳಗೆ, ಉಳಿದವು ತಲಾ 30 ದಿನ ಮೀರದ ಅಂತರದಲ್ಲಿ ಸಲ್ಲಬೇಕು. ತೊಗರಿ ಆವಕದ ದಿನಗಳಲ್ಲಿ, ಕೂಲಿ ತಪ್ಪದೆ ಸಿಗುವಾಗ, ಇದು ಹೊಂದುತ್ತದೆ. ಕಂತು ತಪ್ಪಿದರೆ ಪರ್ಯಾಯ ಸಜೆಯ, ಅಂದರೆ ದಂಡ ಕಟ್ಟದಿದ್ದಕ್ಕೆ ಜೈಲಿನ, ಭಯವಿದೆ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ (ಅಪರಾಧ-ಶಿಕ್ಷೆಗಳ ಕಾನೂನು) ಸಮುದಾಯ ಸೇವೆಯಲ್ಲಿ, ಅಂದರೆ ಶಿಕ್ಷೆಯಾಗಿ ಸಮುದಾಯಕ್ಕೆ ಉಪಯೋಗವಾಗುವ ಕೆಲಸ ಮಾಡುವುದರಲ್ಲಿ, ಹಣ ಕಟ್ಟುವುದಿಲ್ಲ, ಸಂಭಾವನೆಯೂ ಇಲ್ಲ. ಅದು ಕೆಲವೇ ಅಪರಾಧಗಳಿಗೆ, ಉದಾಹರಣೆಗೆ ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದ್ದಕ್ಕೆ, ಅನ್ವಯಿಸುತ್ತದೆ. ಕೈಯಲ್ಲಿ ಕಾಸಿಲ್ಲದೆ ಕೆಲಸವೂ ನಿಂತವನಿಗೆ ಇದು ತಕ್ಕದ್ದು. ದಿನಗೂಲಿಯೇ ಆಸರೆಯಾದವನಿಗೆ ಕಳೆದುಹೋಗುವ ಕೂಲಿ ದುಬಾರಿ.