ಒಂದೇ ಲೋಗೋ ಇಬ್ಬರಿಗೆ ಮಾರ್ತಾರೆ, ಕೇಳಿದ್ರೆ ‘ಕಲರ್ ಬೇರೆ ಅಲ್ವಾ ಸರ್’ ಅಂತಾರೆ

ಕೊಡಗಿನಲ್ಲಿ ಕಾಫಿ ಪುಡಿ, ಕಾಳುಮೆಣಸು, ಜೇನು, ಹೋಮ್‌ಮೇಡ್ ಚಾಕಲೇಟ್ ಪ್ಯಾಕ್ ಮಾಡಿ ಮಾರುವವರು ದಯವಿಟ್ಟು ಇದನ್ನು ಓದಿ. ಪೌಚಿಗೆ ಪ್ರಿಂಟಿಂಗ್ ಸಿಲಿಂಡರ್ (ಅಚ್ಚು) ಮಾಡಿಸುವ ಮೊದಲೇ ಓದಿ. ಆಮೇಲೆ ಓದಿ ಪ್ರಯೋಜನವಿಲ್ಲ.

‘ನಿಮಗೋಸ್ಕರವೇ ಹೊಸದಾಗಿ ಬಿಡಿಸಿದ್ದು’ ಅಂತ ಹೇಳಿ ಡಿಸೈನರೊಬ್ಬ ನಮ್ಮ ಕಾಫಿ ಪುಡಿಗೆ ಕೊಟ್ಟ ಲೋಗೋ ಅದು. ಎರಡು ಬೆಟ್ಟ, ನಡುವೆ ಕಾಫಿ ಬೀಜ, ಕೆಳಗೆ ಆಚೆಗೊಂದು ಈಚೆಗೊಂದು ಎಲೆ. ದುಡ್ಡು ಕೊಟ್ಟಾಯ್ತು, ಪೌಚ್ ಪ್ರಿಂಟಾಯ್ತು, ಮಾಲು ಅಂಗಡಿಗಳಿಗೆ ಹೋಯ್ತು. ಆಮೇಲೆ ಸೋಮವಾರಪೇಟೆ ಕಡೆಯ ಇನ್ನೊಂದು ಕಾಫಿ ಪುಡಿಯವರ ವಕೀಲರಿಂದ ನೋಟಿಸ್ ಬಂತು: ಕಾಪಿರೈಟ್ ಉಲ್ಲಂಘನೆ, ಮಾಲು ವಾಪಸ್ ತೆಗೆಯಿರಿ.

ಅವರ ಪೌಚ್ ಸ್ಕ್ಯಾನ್ ಮಾಡಿ ಕೋರಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಇಟ್ಟು ನೋಡಿದಾಗ ಮೈಯೆಲ್ಲ ಉರಿದುಹೋಯ್ತು. ಬಲಗಡೆ ಎಲೆಯ ಮೂರನೇ ನರ ನಡುನರಕ್ಕೆ ತಾಗದೆ ಕೂದಲೆಳೆಯಷ್ಟು ಮೊದಲೇ ನಿಂತುಬಿಟ್ಟಿದೆ. ಎರಡರಲ್ಲೂ! ಅದೇ ಎಲೆ, ಅದೇ ನರ, ಅದೇ ತಪ್ಪು. ಬೆಟ್ಟದ ಬಣ್ಣ ಮಾತ್ರ ಅವರದ್ದು ಕಂದು, ನಮ್ಮದು ಹಸಿರು.

ಇಬ್ಬರಿಗೂ ಅದನ್ನೇ ಮಾರಿದ ಡಿಸೈನರ್ ಮಹಾಶಯನ ಉತ್ತರಗಳನ್ನು ಕೇಳಿ.

‘ಕೊಡಗು ಅಂದ್ಮೇಲೆ ಬೆಟ್ಟ, ಕಾಫಿ ಹಾಕಲೇಬೇಕಲ್ವಾ ಸರ್, ಎಲ್ಲರದ್ದೂ ಹಾಗೇ ಇರುತ್ತೆ.’ ಇದು ಅರ್ಧ ಸತ್ಯ, ಅದಕ್ಕೇ ಅಪಾಯ. ಬೆಟ್ಟ, ಬೀಜ ಅನ್ನುವ ಕಲ್ಪನೆಗೆ ಯಾರಿಗೂ ಕಾಪಿರೈಟ್ ಇಲ್ಲ, ಅದನ್ನು ಬಿಡಿಸಿದ ರೀತಿಗೆ ಮಾತ್ರ ಇದೆ. ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲೇ ಇದನ್ನು ಸ್ಪಷ್ಟ ಮಾಡಿದೆ. ಮಡಿಕೇರಿಯಲ್ಲೊಬ್ಬ, ವಿರಾಜಪೇಟೆಯಲ್ಲೊಬ್ಬ ಪರಸ್ಪರ ನೋಡದೆ ಬಿಡಿಸಿದ ಚಿತ್ರಗಳು ಒಂದೇ ತರ ಕಂಡರೂ ಅದು ಕಾಪಿರೈಟ್ ಉಲ್ಲಂಘನೆಯಲ್ಲ. ನಕಲು ನಡೆದಿರಬೇಕು. ಆದರೆ ಅರ್ಧಕ್ಕೆ ನಿಂತ ನರವೂ ಎರಡು ಕಡೆ ಒಂದೇ ಜಾಗದಲ್ಲಿದ್ದರೆ ಕಾಕತಾಳೀಯ ಅಂತ ಯಾವ ಕೋರ್ಟಿನಲ್ಲಿ ಹೇಳೋದು?

‘30 ಪರ್ಸೆಂಟ್ ಚೇಂಜ್ ಮಾಡಿದ್ರೆ ಕಾಪಿರೈಟ್ ಬರಲ್ಲ ಸರ್.’ ಇಂಥ ಪರ್ಸೆಂಟ್ ಲೆಕ್ಕ 1957ರ ಕಾಪಿರೈಟ್ ಕಾಯ್ದೆಯ ಯಾವ ಮೂಲೆಯಲ್ಲೂ ಇಲ್ಲ. ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಮಾತ್ರ ಇದೆ.

‘ಕಲರ್ ಬೇರೆ ಅಲ್ವಾ ಸರ್.’ ಇದಂತೂ ಹತ್ತು ಸಲ. ಟ್ರೇಡ್‌ಮಾರ್ಕ್ (ಸರಕು ಯಾರದ್ದು ಅಂತ ಗುರುತಿಸುವ ಹೆಸರು, ಚಿಹ್ನೆ) ಕಾಯ್ದೆಯ 10ನೇ ಸೆಕ್ಷನ್ ನೋಡಿ: ಇಂಥದ್ದೇ ಬಣ್ಣ ಅಂತ ಮಿತಿ ಹಾಕಿಕೊಳ್ಳದೆ ನೋಂದಾಯಿಸಿದ ಗುರುತು ಎಲ್ಲ ಬಣ್ಣಕ್ಕೂ ಅನ್ವಯ. ಅದಕ್ಕೇ ತಿಳಿದವರು ಕಪ್ಪು-ಬಿಳುಪಿನಲ್ಲಿ ಅರ್ಜಿ ಹಾಕ್ತಾರೆ.

ನಮ್ಮವರು ಎಡವುವುದೇ ಇಲ್ಲಿ. ಎಲ್ಲದಕ್ಕೂ ‘ಕಾಪಿರೈಟ್’ ಅಂತೀವಿ. ವ್ಯಾಪಾರದಲ್ಲಿ ಜಾಸ್ತಿ ಕುತ್ತು ಬರುವುದು ಟ್ರೇಡ್‌ಮಾರ್ಕ್ ಕಡೆಯಿಂದ. ಅಲ್ಲಿ ನಕಲು ಮಾಡಿದಿರೋ ಇಲ್ಲವೋ ಎರಡನೇ ಮಾತು, ಗಿರಾಕಿ ಮೋಸ ಹೋಗ್ತಾನೋ ಅನ್ನೋದು ಮೊದಲ ಮಾತು. 1972ರಲ್ಲಿ ಪಾರ್ಲೆಯವರು ಮೈಸೂರಿನ ಒಂದು ಬಿಸ್ಕತ್ ಕಂಪನಿ ಮೇಲೆ ಗೆದ್ದ ಕೇಸು ಇದಕ್ಕೇ ಹೆಸರುವಾಸಿ. ಎರಡು ರ್‍ಯಾಪರಿನಲ್ಲೂ ಹುಡುಗಿ, ಹಸು, ಕೋಳಿ. ವ್ಯತ್ಯಾಸ ಬೇಕಾದಷ್ಟಿತ್ತು. ಆದರೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹುಡುಕಬೇಡಿ, ಒಟ್ಟು ನೋಟ ಒಂದೇ ಇದೆಯಾ ನೋಡಿ ಅಂದಿತು ಸುಪ್ರೀಂ ಕೋರ್ಟ್. ರಾಜಾಸೀಟ್ ನೋಡಿ ಬಸ್ ಹತ್ತುವ ಅವಸರದಲ್ಲಿರೋ ಪ್ರವಾಸಿ ಎಲೆಯ ನರ ಎಣಿಸ್ತಾನಾ? ಸೋಮವಾರಪೇಟೆಯವರು ನಮಗಿಂತ ಮೊದಲಿಂದ ಆ ಲೋಗೋ ಹಾಕಿ ಮಾರುತ್ತಿದ್ದರು. ಮೊದಲು ಬಳಸಿದವರ ಕೈಯೇ ಮೇಲು. ಲೋಗೋ ಬಿಡಬೇಕಾಯ್ತು. ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್, ಅಷ್ಟೂ ಗುಜರಿಗೆ.

ಇನ್ನೂ ಸಿಟ್ಟು ಬರುವ ವಿಷಯ ಬೇರೆ ಇದೆ. ಕಾಪಿರೈಟ್ ನೋಟಿಸ್ ಕೊಟ್ಟವರ ಹತ್ತಿರವೂ ಕಾಪಿರೈಟ್ ಇರಲಿಲ್ಲ! ಹೊರಗಿನ ಡಿಸೈನರ್ ಬಿಡಿಸಿದ ಲೋಗೋಗೆ, ದುಡ್ಡು ಕೊಟ್ಟ ಮಾತ್ರಕ್ಕೆ ನಾವು ಮಾಲೀಕರಾಗಲ್ಲ. ಬರಹದಲ್ಲಿ, ಸಹಿ ಹಾಕಿ ಹಕ್ಕು ವರ್ಗಾಯಿಸದಿದ್ದರೆ ಅದು ಅವನದ್ದೇ. ಇಬ್ಬರ ಬಿಲ್ಲಿನಲ್ಲೂ ‘ಲೋಗೋ ಡಿಸೈನ್ – 1’ ಅಂತ ಅಷ್ಟೇ ಇದ್ದದ್ದು. ಇಬ್ಬರೂ ಬಾಡಿಗೆದಾರರು, ಮಾಲೀಕ ನಡುವೆ ಕೂತು ನಗ್ತಿದ್ದ.

‘ಚಿಂತೆ ಬೇಡ ಸರ್, ಒಂದೇ ವಾರದಲ್ಲಿ ಕಾಪಿರೈಟ್ ರಿಜಿಸ್ಟರ್ ಮಾಡಿಸ್ತೀನಿ’ ಅಂತ ಮತ್ತೆ ದುಡ್ಡು ಕೇಳಿದ, ನಾಚಿಕೆಯಿಲ್ಲದೆ. ಒಂದು ನಂಬರ್ ತೋರಿಸಿದ. ಅದು ಡೈರಿ ನಂಬರ್, ಅರ್ಜಿ ಬಂತು ಅನ್ನೋ ರಸೀದಿ ಅಷ್ಟೇ. ಆಕ್ಷೇಪಣೆಗೇ 30 ದಿನ ಕಾಯಬೇಕು. ಅದೂ ಅಲ್ಲದೆ ಸರಕಿನ ಮೇಲೆ ಬಳಸುವ ಚಿತ್ರಕ್ಕೆ ಅದೇ ತರದ ಟ್ರೇಡ್‌ಮಾರ್ಕ್ ಇಲ್ಲ ಅನ್ನೋ ಪ್ರಮಾಣಪತ್ರ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯಿಂದ ಬೇಕು, ಕಾಪಿರೈಟ್ ಕಾಯ್ದೆಯ ಸೆಕ್ಷನ್ 45. ಒಂದೇ ವಾರವಂತೆ!

ಮಾಡಬೇಕಾದ್ದು ಇಷ್ಟು. ಸರ್ಕಾರದ ಐಪಿ ಇಂಡಿಯಾ ಸೈಟಿನಲ್ಲಿ ಟ್ರೇಡ್‌ಮಾರ್ಕ್ ಪಬ್ಲಿಕ್ ಸರ್ಚ್ ಉಚಿತ. ಹೆಸರು ಹಾಕಿ ನೋಡಿದರೆ ಚಿತ್ರ ಸಿಗಲ್ಲ, ವಿಯೆನ್ನಾ ಕೋಡ್ (ಲೋಗೋದಲ್ಲಿನ ಚಿತ್ರಗಳಿಗೆ ಕೊಟ್ಟ ಅಂಕಿ) ಹಾಕಿ ನೋಡಿ: ಬೆಟ್ಟ 6.1, ಎಲೆ 5.3, ಬೀಜ-ಹಣ್ಣು 5.7ರ ಗುಂಪು. ಕಾಫಿ, ಮೆಣಸು, ಜೇನು, ಚಾಕಲೇಟ್ ಎಲ್ಲ ಟ್ರೇಡ್‌ಮಾರ್ಕ್ ಲೆಕ್ಕದಲ್ಲಿ ಸರಕಿನ ಕ್ಲಾಸ್ 30. ನೋಂದಣಿ ಅರ್ಜಿಯ ಫಾರಂ ಟಿಎಂ-ಎ, ಆನ್‌ಲೈನಿನಲ್ಲಿ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಕ್ಲಾಸಿಗೆ 4,500 ರೂಪಾಯಿ. ಸಣ್ಣ ಉದ್ಯಮ ಅಂತ ತೋರಿಸಲು ಉದ್ಯಮ್ ಸರ್ಟಿಫಿಕೇಟ್ ಇಟ್ಟುಕೊಳ್ಳಿ. ‘ಕೂರ್ಗ್’ ಅನ್ನೋ ಪದ ನನ್ನೊಬ್ಬನದ್ದೇ ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ, ಊರಿನ ಹೆಸರು ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ‘ಕೂರ್ಗ್ ಅರೇಬಿಕಾ’ಗೆ 2019ರಿಂದ ಜಿಐ (ಭೌಗೋಳಿಕ ಗುರುತು) ಇದೆ, ಎಲ್ಲಿಂದಲೋ ತಂದ ಬೀಜಕ್ಕೆ ಆ ಹೆಸರು ಹಾಕುವಂತಿಲ್ಲ.

ಡಿಸೈನರ್ ಹತ್ತಿರ ಸಿಡಿಆರ್ (ಕೋರಲ್‌ಡ್ರಾದ ಮೂಲ) ಫೈಲ್ ಜೊತೆಗೆ ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಅದರಲ್ಲಿ ‘ಕಾಪಿರೈಟಿನ ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ’ ಅನ್ನೋ ಮಾತು ಇರಲೇಬೇಕು. ಅವಧಿ ಬರೆಯದಿದ್ದರೆ ಕಾನೂನಿನ ಲೆಕ್ಕದಲ್ಲಿ ಐದೇ ವರ್ಷ, ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ. ರೆಡಿಮೇಡ್ ಐಕಾನ್, ಟೆಂಪ್ಲೇಟ್ ಬಳಸಿಲ್ಲ, ಬೇರೆಯವರಿಗೆ ಕೊಟ್ಟಿಲ್ಲ, ಕೊಟ್ಟದ್ದು ಗೊತ್ತಾದರೆ ಪ್ರಿಂಟಿಂಗ್ ಖರ್ಚು ತಾನೇ ಕೊಡ್ತೀನಿ ಅಂತಲೂ ಬರೆಸಿ. ‘ಇಷ್ಟಕ್ಕೆಲ್ಲ ಅಗ್ರಿಮೆಂಟ್ ಯಾಕೆ ಸರ್, ನಂಬಿಕೆ ಇಲ್ವಾ’ ಅಂದನೋ, ಕೊಟ್ಟ ಅಡ್ವಾನ್ಸ್ ಹೋದರೂ ಪರವಾಗಿಲ್ಲ, ಎದ್ದು ಬನ್ನಿ.